ವಾಲ್ಟರ್ ಜಿಎಸ್‌ಪಿ, ಪಾರ್ದಿನಿ ಎಸ್‌ಪಿ: ಎರಡನ್ನೂ ಏಳು ವರ್ಷ ಹೊಡೆದ ಮೇಲೆ

ವಾಲ್ಟರ್, ಪಾರ್ದಿನಿ ಎರಡೂ ನಾನು ಸ್ಪರ್ಧೆಗೆ ಬಳಸುವ ಪಿಸ್ತೂಲುಗಳು. ನಿಧಾನದ ಸುತ್ತಿನಲ್ಲಿ ನನ್ನ ಕೈಗೆ ವಾಲ್ಟರ್ ಚೆನ್ನ, ವೇಗದ ಸುತ್ತಿನಲ್ಲಿ ಪಾರ್ದಿನಿ ಚೆನ್ನ. ಹಾಗಿದ್ದರೆ ಎರಡನ್ನೂ ತೆಗೆದುಕೊಂಡು ಹೋಗಿ ಒಂದೊಂದು ಸುತ್ತಿನಲ್ಲಿ ಒಂದೊಂದನ್ನು ಹಿಡಿದರಾಯಿತಲ್ಲ ಅಂತ ಮನೆಯಲ್ಲಿ ಕೇಳುತ್ತಾರೆ. ಹಾಗೆ ಮಾಡುವಂತಿಲ್ಲ. ಒಂದು ಸ್ಪರ್ಧೆಯ ಎಲ್ಲ ಸುತ್ತುಗಳಿಗೂ ಒಂದೇ ಪಿಸ್ತೂಲು ಇರಬೇಕು, ಅದು ಕೆಟ್ಟು ನಿಂತರಷ್ಟೇ ಬದಲಾವಣೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮ ಇದು. ಹಾಗಾಗಿ ಯಾವುದು ಒಳ್ಳೆಯದು ಅನ್ನುವ ಪ್ರಶ್ನೆಗೆ ನಾನು ತಪ್ಪಿಸಿಕೊಳ್ಳದೆ ಉತ್ತರ ಹೇಳಲೇಬೇಕಾಯಿತು.

ನಾನು ಹೊಡೆಯುವುದು ಮಹಿಳೆಯರ 25 ಮೀಟರ್ ಪಿಸ್ತೂಲು, ಒಟ್ಟು 60 ಗುಂಡು. ಮೊದಲ 30 ನಿಧಾನದ್ದು: ಐದು ಗುಂಡಿಗೆ ಐದು ನಿಮಿಷ, ಹತ್ತು ಅಂಕ ಕೊಡುವ ನಡುವಿನ ವೃತ್ತದ ಅಡ್ಡಳತೆ ಬರೀ 5 ಸೆಂ.ಮೀ. ಉಳಿದ 30ರಲ್ಲಿ ಕೈಯನ್ನು 45 ಡಿಗ್ರಿ ಕೆಳಗೆ ಇಳಿಸಿಕೊಂಡು ಕಾಯಬೇಕು. ಹಸಿರು ದೀಪ 3 ಸೆಕೆಂಡು ಇರುತ್ತದೆ. ಅಷ್ಟರಲ್ಲಿ ಕೈ ಎತ್ತಿ ಒಂದು ಗುಂಡು ಹೊಡೆದು ಇಳಿಸಬೇಕು. ಆಮೇಲೆ 7 ಸೆಕೆಂಡು ಬಿಡುವು, ಮತ್ತೆ ಹಸಿರು. ಇಲ್ಲಿ ಹತ್ತರ ವೃತ್ತ 10 ಸೆಂ.ಮೀ. ಇದೆ, ಆದರೂ ಅಂಕ ಸೋರುವುದು ಇಲ್ಲಿಯೇ.

ವಾಲ್ಟರ್ 2013ರಲ್ಲಿ ಹಿರಿಯ ಶೂಟರ್ ಒಬ್ಬರಿಂದ ನನಗೆ ಬಂತು. ಪಾರ್ದಿನಿ 2018ರಲ್ಲಿ ಹೊಸದಾಗಿಯೇ ತರಿಸಿದ್ದು. ಕಾಗದದ ಮೇಲೆ ಇವೆರಡೂ ಅಕ್ಕತಂಗಿಯರು: .22 ಎಲ್‌ಆರ್ ಅನ್ನುವ ಸಣ್ಣ ಗುಂಡು, ಟ್ರಿಗರ್‌ಗೆ ಮುಂದುಗಡೆ ಐದು ಗುಂಡಿನ ಮ್ಯಾಗಜಿನ್, ಗುರಿ ಹಿಡಿಯಲು ನೋಡುವ ಹಿಂದಿನ ಸೈಟಿನಿಂದ ಮುಂದಿನ ಸೈಟಿಗೆ 220 ಮಿ.ಮೀ. ನಿಯಮದ ಮಿತಿ 1400 ಗ್ರಾಂ, ಎರಡೂ ಅದಕ್ಕಿಂತ ಸಾಕಷ್ಟು ಹಗುರ. ಬ್ಯಾರೆಲ್ ಮಾತ್ರ ವಾಲ್ಟರ್‌ನದು 107 ಮಿ.ಮೀ., ಪಾರ್ದಿನಿಯದು 120. 25 ಮೀಟರಿನಲ್ಲಿ ಈ ಅಂತರದಿಂದ ನನ್ನ ಗುಂಡಿಗೆ ಏನೂ ಆಗಿಲ್ಲ. ಸ್ಟ್ಯಾಂಡಿಗೆ ಬಿಗಿದು ಹೊಡೆದರೆ ಎರಡೂ ನನ್ನ ಕೈಗಿಂತ ಎಷ್ಟೋ ನಿಖರ.

ಜರ್ಮನಿಯ ಉಲ್ಮ್ ಊರಿನ ವಾಲ್ಟರ್ ಕಂಪನಿ ಜಿಎಸ್‌ಪಿಯನ್ನು 1968ರಲ್ಲಿ ಹೊರತಂದಿತು. ನೋಡಲು ಪೆಟ್ಟಿಗೆಯ ಹಾಗೆ ಚೌಕಚೌಕ. ಮೊದಲ ಸಲ ನೋಡಿದಾಗ ಇದನ್ನು ಯಾರು ಇಷ್ಟಪಡುತ್ತಾರೆ ಅನ್ನಿಸಿತ್ತು. ಟ್ರಿಗರ್ ಎಳೆದ ಮೇಲೆ ಆ ಮಾತು ನುಂಗಿಕೊಂಡೆ. ಮೊದಲ ಹಂತ ಮೆತ್ತಗೆ ಬರುತ್ತದೆ, ಒಂದು ಕಡೆ ಖಚಿತವಾಗಿ ನಿಲ್ಲುತ್ತದೆ, ಅಲ್ಲಿಂದ ಒಣಗಿದ ತೊಗರಿಕಾಯಿ ಸಿಡಿದ ಹಾಗೆ ಬಿಡುತ್ತದೆ. ಪಂದ್ಯದ ಅಧಿಕಾರಿಗಳು ಟ್ರಿಗರ್‌ಗೆ ಒಂದು ಕಿಲೋ ತೂಕ ನೇತುಹಾಕಿ ಪರೀಕ್ಷಿಸುತ್ತಾರಲ್ಲ, ಆ ಒಂದು ಕಿಲೋ ಬೆರಳಿಗೆ ಅರ್ಧ ಕಿಲೋ ಅನ್ನಿಸುವಷ್ಟು ನಯ. ಇಡೀ ಟ್ರಿಗರ್ ಜೋಡಣೆ ಒಂದೇ ತುಂಡಾಗಿ ಹೊರಗೆ ಬರುತ್ತದೆ, ಸ್ವಚ್ಛ ಮಾಡಲು ಅಷ್ಟು ಸುಲಭ. ಮೂತಿಯ ಕಡೆ ಭಾರ ಜಾಸ್ತಿ, ಹಾಗಾಗಿ ಚಾಚಿದ ಕೈ ತನ್ನಷ್ಟಕ್ಕೆ ನಿಲ್ಲುತ್ತದೆ. ನಿಧಾನದ ಸುತ್ತಿನಲ್ಲಿ ಇದರಲ್ಲಿ ನನ್ನ ಸರಾಸರಿ 300ಕ್ಕೆ 286, ಪಾರ್ದಿನಿಯಲ್ಲಿ 283.

ಅದೇ ಮೂತಿಭಾರ ವೇಗದ ಸುತ್ತಿನಲ್ಲಿ ನನಗೆ ತೊಡಕು. ಕೈ ಎತ್ತಿದಾಗ ಸೈಟು ಗುರಿಹಲಗೆಯ ನಡುವಿನ ಕಪ್ಪಿನ ಕೆಳಗೇ ನಿಂತುಬಿಡುತ್ತದೆ. ಅದನ್ನು ಮೇಲೆ ತಳ್ಳುವಷ್ಟರಲ್ಲಿ ಎರಡು ಸೆಕೆಂಡು ಹೋಗಿರುತ್ತದೆ, ಬೆರಳು ಅವಸರಪಡುತ್ತದೆ, ಗುಂಡು ಎಂಟಕ್ಕೆ ಬೀಳುತ್ತದೆ. ಇದು ನನ್ನ ಭುಜದ ಶಕ್ತಿಯ ಲೆಕ್ಕ. ಗಟ್ಟಿ ತೋಳಿನವರು ಜಿಎಸ್‌ಪಿಯಲ್ಲಿ ಇದೇ ಸುತ್ತನ್ನು ಸಲೀಸಾಗಿ ಹೊಡೆಯುವುದನ್ನು ಕಣ್ಣಾರೆ ನೋಡಿದ್ದೇನೆ.

ಪಾರ್ದಿನಿಯಲ್ಲಿ ಬ್ಯಾರೆಲ್ ಕೈಗೆ ತೀರಾ ಹತ್ತಿರ, ತಗ್ಗಿನಲ್ಲಿ ಕೂತಿದೆ. ಎಲ್ಲರೂ ಇದರ ಒದೆತ ನೇರ ಹಿಂದಕ್ಕೆ ಬರುತ್ತದೆ, ಮೂತಿ ಏಳುವುದಿಲ್ಲ ಅಂತ ಹೊಗಳುತ್ತಾರೆ. ನಿಜ. ಆದರೆ ನನ್ನ ಸ್ಪರ್ಧೆಯಲ್ಲಿ ಪ್ರತಿ ಗುಂಡಿನ ನಡುವೆ 7 ಸೆಕೆಂಡು ಬಿಡುವಿರುವಾಗ ಒದೆತ ದೊಡ್ಡ ವಿಷಯವಲ್ಲ. ಗಂಡಸರ ರ‍್ಯಾಪಿಡ್ ಫೈರ್‌ನಲ್ಲಿ 4 ಸೆಕೆಂಡಿಗೆ ಐದು ಗುರಿಗೆ ಐದು ಗುಂಡು, ಅವರಿಗೆ ಅದೇ ಜೀವಾಳ. ನನಗೆ ಪಾರ್ದಿನಿ ಕೊಟ್ಟಿದ್ದು ಬೇರೆ: ಎತ್ತಿದ ಕೈ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತದೆ, ಸೈಟು ಕಣ್ಣಿಗೆ ತಾನಾಗಿ ಬಂದು ಕೂರುತ್ತದೆ. ವೇಗದ ಸುತ್ತಿನಲ್ಲಿ ವಾಲ್ಟರ್‌ನ ಸರಾಸರಿ 274, ಇದರದು 284. ಕೂಡಿಸಿದರೆ 560, 567. ನಿಧಾನದಲ್ಲಿ ಮೂರು ಕಳೆದುಕೊಂಡು ವೇಗದಲ್ಲಿ ಹತ್ತು ಗಳಿಸಿದೆ.

ಪಾರ್ದಿನಿಗೆ ಎಲೆಕ್ಟ್ರಾನಿಕ್ ಟ್ರಿಗರ್ ತೆಗೆದುಕೊಳ್ಳಿ ಅಂತ ಹಲವರು ಹೇಳಿದ್ದರು. ನಾನು ಮೆಕ್ಯಾನಿಕಲ್ ತೆಗೆದುಕೊಂಡೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ 10 ಮೀಟರ್ ಅರ್ಹತಾ ಸುತ್ತಿನ ಮಧ್ಯೆ ಮನು ಭಾಕರ್ ಅವರ ಎಲೆಕ್ಟ್ರಾನಿಕ್ ಟ್ರಿಗರ್‌ನ ಏರ್ ಪಿಸ್ತೂಲು ಕೈಕೊಟ್ಟು, 575 ಅಂಕದೊಂದಿಗೆ 12ನೇ ಸ್ಥಾನಕ್ಕೆ ನಿಂತಾಗ, ನನ್ನ ಆಯ್ಕೆಯ ಬಗ್ಗೆ ಮನಸ್ಸು ಇನ್ನೂ ಗಟ್ಟಿಯಾಯಿತು. ತಂತಿ, ಬ್ಯಾಟರಿ ಇಲ್ಲದ್ದನ್ನು ನಾನೇ ಬಿಚ್ಚಿ ನೋಡಬಲ್ಲೆ ಅನ್ನುವುದೇ ನನಗೊಂದು ಧೈರ್ಯ.

ಏಳು ವರ್ಷದಲ್ಲಿ ಪಂದ್ಯದ ನಡುವೆ ಪಿಸ್ತೂಲು ನಿಂತಿತು ಅಂತ ತಿಳಿಸಲು ನಾನು ಎಡಗೈ ಎತ್ತಿ ನಿಂತಿದ್ದು ಒಂದೇ ಸಲ, ಡಿಸೆಂಬರ್ ತಿಂಗಳ ದೆಹಲಿಯಲ್ಲಿ. ಬೆಂಗಳೂರಿನ ಹವೆಗೆ ಹಾಕುವ ದಪ್ಪ ಎಣ್ಣೆಯನ್ನೇ, ಪ್ರತಿ ಗುಂಡಿಗೂ ಹಿಂದೆ ಮುಂದೆ ಸರಿಯುವ ಬೋಲ್ಟಿಗೆ ಹಾಕಿಕೊಂಡು ಹೋಗಿದ್ದೆ. ತುಘಲಕಾಬಾದ್ ರೇಂಜಿನ ಬೆಳಗಿನ ಚಳಿಗೆ ಅದು ಅಂಟಾಗಿ, ಬೋಲ್ಟ್ ಪೂರ್ತಿ ಹಿಂದೆ ಸರಿಯದೆ ಖಾಲಿ ತೋಟೆ ಸಿಕ್ಕಿಕೊಂಡಿತು. ಪಿಸ್ತೂಲಿನದು ಏನೂ ತಪ್ಪಿರಲಿಲ್ಲ. ಆಮೇಲೆ ಚಳಿ ಊರಿಗೆ ಹೋಗುವಾಗ ಎಣ್ಣೆ ಒರೆಸಿ, ತೆಳುವಾದದ್ದನ್ನು ಒಂದೇ ಹನಿ ಹಾಕುತ್ತೇನೆ. ಇಲ್ಲಿ ಮಳೆಗಾಲದ್ದು ಬೇರೆ ಕಷ್ಟ. ಮರದ ಗ್ರಿಪ್ ತೇವಕ್ಕೆ ಉಬ್ಬಿ ಅಂಗೈಯಲ್ಲಿ ಒತ್ತುತ್ತದೆ. ಮರಳುಕಾಗದ ತಗೊಂಡು ತಕ್ಷಣ ಉಜ್ಜಬೇಡಿ, ನವೆಂಬರಿನಲ್ಲಿ ಅದೇ ಗ್ರಿಪ್ ಸಡಿಲವಾಗುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು ಕಾಯಿರಿ.

ಮನೆಯಲ್ಲಿ ಗುಂಡಿಲ್ಲದೆ ಮಾಡುವ ಅಭ್ಯಾಸಕ್ಕೆ ವಾಲ್ಟರನ್ನೇ ಹಿಡಿಯುತ್ತೇನೆ. .22ರಲ್ಲಿ ಖಾಲಿ ಹೊಡೆದರೆ ಪಿನ್ ಗುಂಡು ಕೂರುವ ಚೇಂಬರಿನ ಅಂಚಿಗೆ ಬಡಿದು ಗಾಯ ಮಾಡುತ್ತದೆ. ಗುಂಡು ಬೇರೆ ಕೋಣೆಯ ಲಾಕರಿನಲ್ಲಿ, ಚೇಂಬರ್ ಎರಡು ಸಲ ನೋಡಿದ ಮೇಲೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಗೋಡೆಯ ಸ್ಕ್ರೂ ಪ್ಲಾಸ್ಟಿಕ್ ಪ್ಲಗ್ಗನ್ನು ಅಳತೆ ನೋಡಿ ಚೇಂಬರಿಗೆ ಹಾಕುತ್ತೇನೆ. ಬಿಳಿ ಗೋಡೆಗೆ ದಿನಕ್ಕೆ ಅರ್ಧ ಗಂಟೆ. ವಾಲ್ಟರ್‌ನ ಭಾರ ಎತ್ತಿ ಪಳಗಿದ ಕೈಗೆ ರೇಂಜಿನಲ್ಲಿ ಪಾರ್ದಿನಿ ಹೂವಿನಷ್ಟು ಹಗುರ.

ಎರಡು ಇಟ್ಟುಕೊಳ್ಳುವ ಆಸೆ ಇರುವವರು ಪರವಾನಗಿಯ ಓಡಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಗರದಲ್ಲಿ ಪೊಲೀಸ್ ಕಮಿಷನರ್ ಕಚೇರಿಯಿಂದ ಆಗಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರಿಗೆ ಎರಡೇ ಬಂದೂಕು, ಅವಧಿ ಐದು ವರ್ಷ. ಶೂಟರ್‌ಗಳಿಗೆ ಪ್ರತ್ಯೇಕ ವಿನಾಯಿತಿಗಳಿವೆ, ಆದರೆ ಪ್ರತಿ ಕಾಗದವೂ ಸರಿ ಇರಬೇಕು.

ಆಯುಧಪೂಜೆಯ ದಿನ ಎರಡನ್ನೂ ಪಕ್ಕಪಕ್ಕ ಇಡುತ್ತೇನೆ. ಕುಂಕುಮ ಪೆಟ್ಟಿಗೆಯ ಮುಚ್ಚಳಕ್ಕೆ ಮಾತ್ರ, ಲೋಹಕ್ಕಲ್ಲ. ಹೊಸಬರು ಒಂದನ್ನೇ ಕೊಳ್ಳುವುದಾದರೆ ಟ್ರಿಗರ್ ಎಳೆದು ಮರುಳಾಗಬೇಡಿ. ಎರಡನ್ನೂ ಹಿಡಿದು, ಕಣ್ಣು ಮುಚ್ಚಿ 45 ಡಿಗ್ರಿಯಿಂದ ಹತ್ತು ಸಲ ಕೈ ಎತ್ತಿ, ಕಣ್ಣು ತೆರೆದಾಗ ಸೈಟು ಯಾವುದರಲ್ಲಿ ಕಪ್ಪಿಗೆ ಹತ್ತಿರ ಇರುತ್ತದೋ ಅದನ್ನು ತೆಗೆದುಕೊಳ್ಳಿ. ನನ್ನ ಕೈಗೆ ಅದು ಪಾರ್ದಿನಿ.