ಬೇಟೆ ಸಫಾರಿ: ಐದರಲ್ಲಿ ಎರಡು ಸ್ಟಾರ್

ಟಾಂಜಾನಿಯಾದ ಈ ಬೇಟೆ ಸಫಾರಿಯ ಡೇರೆ, ಊಟ, ಗಾಡಿ ಯಾವುದಕ್ಕೂ ಹೆಸರಿಡುವ ಹಾಗಿಲ್ಲ. ನನ್ನ ತಕರಾರು ನಾಲ್ಕನೇ ದಿನದ್ದು. ಅವತ್ತು ಒಂದು ಗಂಡು ಸಿಂಹ ಕಂಡಿತು. ‘ಕೇಸರ ನೋಡಿ ಎಷ್ಟು ದೊಡ್ಡದಿದೆ, ಹೊಡೆಯಿರಿ’ ಅಂತ ಗೈಡ್ ಅವಸರ ಮಾಡಿದ. ಬೈನಾಕ್ಯುಲರ್‌ನಲ್ಲಿ ನೋಡಿದೆ. ಮೂಗು ಇನ್ನೂ ಗುಲಾಬಿ, ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ ಅಷ್ಟೇ. ವಯಸ್ಸಾದಂತೆ ಸಿಂಹದ ಮೂಗು ಕಪ್ಪಾಗುತ್ತಾ ಹೋಗುತ್ತದೆ; ಬರೀ ಕೇಸರ ನಂಬಿ ಗುಂಡು ಹಾರಿಸಬಾರದು. 6 ವರ್ಷ ತುಂಬದ ಸಿಂಹವನ್ನು ಹೊಡೆಯಬಾರದೆಂದು ಆ ದೇಶದ ನಿಯಮವೇ ಇದೆ. ಗುಂಪಿನ ಗಂಡು ಸತ್ತರೆ ಅದರ ಜಾಗಕ್ಕೆ ಬರುವ ಗಂಡುಗಳು ಮರಿಗಳನ್ನೂ ಉಳಿಸುವುದಿಲ್ಲ. ಕೋವಿ ಇಳಿಸಿದೆ. ಗೈಡ್ ಮುಖ ಸಿಂಡರಿಸಿಕೊಂಡ. ಹೆಜ್ಜೆ ಗುರುತು ಹಿಡಿಯುವ ಹಿರಿಯರು ಮಾತ್ರ ತಮ್ಮ ಮೂಗು ಮುಟ್ಟಿ ತೋರಿಸಿ, ಸರಿ ಅಂತ ತಲೆಯಾಡಿಸಿದರು. ಎರಡು ಸ್ಟಾರ್ ಅವರಿಗೆ.