ಟಾಕೀಸು, ಬಾಡಿಗೆ ಹಾಲು, ಮನೆ ಟಿವಿ: ಚಿಕ್ಕಮಗಳೂರಲ್ಲಿ ಸಣ್ಣ ಸಿನಿಮಾ ಎಲ್ಲಿ ನೋಡೋದು?

ಸ್ಟಾರ್ ಇಲ್ಲದ, ಕಡಿಮೆ ದುಡ್ಡಿನ ಕನ್ನಡ ಸಿನಿಮಾ ನೋಡಲು ನಮ್ಮೂರಲ್ಲಿ ಮೂರು ದಾರಿ ಇವೆ. ಟಾಕೀಸಿಗೆ ಹೋಗಬಹುದು. ಒಂದಷ್ಟು ಜನ ಸೇರಿ ಹಾಲು, ಅಂದರೆ ಸಭಾಂಗಣ, ಬಾಡಿಗೆಗೆ ಹಿಡಿದು ತಾವೇ ಪ್ರದರ್ಶನ ಇಟ್ಟುಕೊಳ್ಳಬಹುದು. ಇಲ್ಲವಾದರೆ ಓಟಿಟಿಗೆ ಬರುವವರೆಗೆ ಕಾಯಬೇಕು. ಮೂರನ್ನೂ ಮಾಡಿ ನೋಡಿದ್ದೇನೆ. ಪರದೆ ಎಷ್ಟು ದೊಡ್ಡದು ಅಂತ ಎಲ್ಲರೂ ಕೇಳುತ್ತಾರೆ. ನಾನು ಈಗ ಮೊದಲು ಕೇಳೋದು, ಮಾತು ಸರಿಯಾಗಿ ಕೇಳಿಸುತ್ತದಾ ಅಂತ.

ಯಾಕೆಂದರೆ ಇಂಥ ಎಷ್ಟೋ ಸಿನಿಮಾಗಳ ಜೀವ ಇರೋದು ಊರಿನ ಆಡುಮಾತಿನಲ್ಲಿ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ 'ತಿಥಿ'ಯಲ್ಲಿ ಇರುವವರು ಮಂಡ್ಯ ಕಡೆಯ ಹಳ್ಳಿಯವರು, ಕಸುಬಿನ ನಟರಲ್ಲ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಗೆದ್ದ 'ಶಿವಮ್ಮ' ಕೊಪ್ಪಳದ ಕಡೆಯದು. ಮಲೆನಾಡಿನ ನಮ್ಮ ಕಿವಿಗೆ ಆ ಮಾತು ಮೊದಲೇ ಹೊಸದು. ಅದೂ ಗುಜುಗುಜು ಅಂದರೆ ಮುಗೀತು.

ಮನೆ ಟಿವಿ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಅಗ್ಗ, ಸುಲಭ. ಆದರೆ ತೆಳ್ಳಗಿನ ಟಿವಿಗಳ ಸ್ಪೀಕರ್ ಹಿಂದಕ್ಕೋ ಕೆಳಕ್ಕೋ ತಿರುಗಿರುತ್ತದೆ. ಪಿಸುಮಾತು ಕೇಳಲಿ ಅಂತ ವಾಲ್ಯೂಮ್ ಏರಿಸಿದರೆ ಮುಂದಿನ ದೃಶ್ಯದ ತಮಟೆಗೆ ಪಕ್ಕದ ಮನೆಯವರು ಎದ್ದು ಕೂರುತ್ತಾರೆ. ಹೆಡ್‌ಫೋನ್ ಹಾಕಿದರೆ ಮಾತ್ರ ಸರಿ. ಆದರೆ ಒಬ್ಬರೇ ನೋಡಬೇಕು.

ಟಾಕೀಸಿನಲ್ಲಿ ಆ ಗೋಳಿಲ್ಲ. ಮಾತು ಪರದೆಯ ನಡುವಿನಿಂದಲೇ ಬರುತ್ತದೆ. 2023ರಲ್ಲಿ 'ಡೇರ್‌ಡೆವಿಲ್ ಮುಸ್ತಾಫಾ' ನೋಡಿದ್ದು ಹಾಗೆ. ತೇಜಸ್ವಿಯವರ ಕಥೆ, ದುಡ್ಡು ಹಾಕಿದವರೂ ಅವರ ಓದುಗರೇ. ಅವರು ಬಾಳಿದ ಮೂಡಿಗೆರೆ ಇರುವ ಜಿಲ್ಲೆಯಲ್ಲಿ ಆ ಸಿನಿಮಾಕ್ಕೆ ಜನ ನಗುವ ರೀತಿಯೇ ಬೇರೆ, ಅಲ್ವಾ? ಆದರೆ ಎಲ್ಲ ಸಣ್ಣ ಸಿನಿಮಾಕ್ಕೂ ಆ ಅದೃಷ್ಟ ಇರಲ್ಲ. ಸಿಕ್ಕರೆ ಒಂದು ಆಟ, ಅದೂ ಎಲ್ಲರೂ ಕೆಲಸದಲ್ಲಿರುವ ಹೊತ್ತಿಗೆ. ಒಮ್ಮೆ ಬಾಗಿಲವರೆಗೆ ಹೋಗಿ ನಿಂತರೆ 'ಜನ ಇಲ್ಲ ಸಾರ್, ಶೋ ಇಲ್ಲ' ಅಂದರು. ಅವರನ್ನು ಬೈದು ಏನು ಮಾಡೋದು? ಆರೇಳು ಜನಕ್ಕೆ ಆಟ ನಡೆಸಿದರೆ ಕರೆಂಟಿನ ದುಡ್ಡೂ ಹುಟ್ಟಲಿಕ್ಕಿಲ್ಲ.

ಹಾಗಾಗಿ ಹಾಲು. ಇದರಲ್ಲಿ ಕೆಲಸ ಜಾಸ್ತಿ, ನನಗೆ ಇಷ್ಟವೂ ಇದೇ. ಮೊದಲು ಒಪ್ಪಿಗೆ. ನಮ್ಮ ಓಟಿಟಿ ಖಾತೆಯಿಂದಲೇ ಹಾಕಿಬಿಡೋಣ ಅನ್ನುವವರು ಪ್ರತಿ ಸಲ ಒಬ್ಬರಾದರೂ ಇರುತ್ತಾರೆ. ಆ ಚಂದಾ ಮನೆಯೊಳಗೆ ನೋಡಲು ಮಾತ್ರ. ನಿರ್ದೇಶಕರನ್ನೋ ನಿರ್ಮಾಪಕರನ್ನೋ ಕೇಳಿ, ಒಪ್ಪಿದ ಹಣ ಕೊಟ್ಟು ಫೈಲ್ ತರಿಸಿಕೊಳ್ಳಬೇಕು. ಸೆನ್ಸಾರ್ ಸರ್ಟಿಫಿಕೇಟ್ ಇದೆಯಾ ಅಂತಲೂ ಆಗಲೇ ಕೇಳಿಬಿಡಿ.

ಆಮೇಲೆ ದನಿ. ಸಣ್ಣ ಹಾಲುಗಳ ಸೌಂಡ್ ಸಿಸ್ಟಮ್ ಭಾಷಣಕ್ಕೆ ಅಂತ ಹಾಕಿದ್ದು. ಬರಿ ಗೋಡೆ, ಟೈಲ್ಸ್ ನೆಲ, ಎಲ್ಲ ಗುಂಯ್ ಅನ್ನುತ್ತದೆ. ಬಾಕ್ಸ್‌ಗಳನ್ನು ಮೂಲೆಯಿಂದ ಎತ್ತಿ ಪರದೆಯ ಎರಡೂ ಬದಿಗೆ, ಕೂತವರ ತಲೆಗಿಂತ ತುಸು ಮೇಲಕ್ಕೆ ಇಟ್ಟರೆ ಅರ್ಧ ರೋಗ ವಾಸಿ. ಕಿಟಕಿಗೆ ಕಟ್ಟುವ ದಪ್ಪ ಬಟ್ಟೆ ಬೆಳಕನ್ನೂ ತಡೆಯುತ್ತದೆ, ಗುಂಯ್‌ಗುಡುವುದನ್ನೂ ತಗ್ಗಿಸುತ್ತದೆ. ಒಮ್ಮೆ ಸಂಗೀತ ಬರುತ್ತಿತ್ತು, ಪಾತ್ರಗಳ ಬಾಯಿ ಆಡುತ್ತಿತ್ತು, ಮಾತೇ ಇಲ್ಲ. ಫೈಲ್ 5.1 ದನಿಯದ್ದು, ಅಂದರೆ ಆರು ಸ್ಪೀಕರ್‌ಗೆ ಹಂಚಿದ್ದು. ಅದರಲ್ಲಿ ಮಾತು ನಡುವಿನ ಚಾನೆಲ್‌ನಲ್ಲಿರುತ್ತದೆ, ನಮ್ಮ ಹತ್ತಿರ ಇದ್ದದ್ದು ಎಡ ಬಲ ಎರಡೇ ಬಾಕ್ಸ್. ಲ್ಯಾಪ್‌ಟಾಪ್‌ನಲ್ಲಿ ಸ್ಟೀರಿಯೊಗೆ ಬದಲಾಯಿಸಿದ ಕೂಡಲೇ ಮಾತು ವಾಪಸ್ ಬಂತು. ಜನ ಬರುವ ಮುಂಚೆ ಸುಮ್ನೆ ಹತ್ತು ನಿಮಿಷ ಓಡಿಸಿ ನೋಡಿದರೆ ಇಂಥದ್ದೆಲ್ಲ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಚಿತ್ರ ಟಾಕೀಸಿನಷ್ಟು ಚೆನ್ನಾಗಿರಲ್ಲ. ರಾತ್ರಿಯ ದೃಶ್ಯಗಳು ಬೂದಿ ಬಣ್ಣಕ್ಕೆ ತಿರುಗುತ್ತವೆ. ಅದನ್ನು ಸಹಿಸುತ್ತೇನೆ. ಯಾಕೆಂದರೆ ಇಲ್ಲಿ ಆಟದ ಹೊತ್ತು ನಮ್ಮದು, ಸಿನಿಮಾ ನಾವು ಆರಿಸಿದ್ದು. ಅರ್ಥವಾಗದ ಮಾತನ್ನು ಮುಗಿದ ಮೇಲೆ ಯಾರಾದರೂ ಹೇಳಿಕೊಡುತ್ತಾರೆ. 'ತಿಥಿ' ದಿನ ಮಂಡ್ಯದಿಂದ ವರ್ಗವಾಗಿ ಬಂದಿದ್ದ ಮೇಷ್ಟ್ರು ಬೈಗುಳಗಳನ್ನೆಲ್ಲ ಬಿಡಿಸಿ ಹೇಳಿದರು, ಸಿನಿಮಾಕ್ಕಿಂತ ಅದೇ ಚೆನ್ನಾಗಿತ್ತು ಅಂದವರೂ ಇದ್ದರು.

ಒಂದೇ ತೊಡಕು, ಮಳೆಗಾಲ. ಶೀಟ್ ಹೊದಿಸಿದ ಹಾಲಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಸೆ ಬಿಡಿ, ಯಾವ ಬಾಕ್ಸೂ ಆ ಸದ್ದನ್ನು ಗೆಲ್ಲಲ್ಲ. ಆಗ ಮನೆ, ಹೆಡ್‌ಫೋನ್, ಕರೆಂಟ್ ಇದ್ದರೆ. ಹಾಲಿನ ಪ್ರದರ್ಶನ ಅಕ್ಟೋಬರ್, ನವೆಂಬರ್‌ನಲ್ಲೇ ಮುಗಿಸಿಕೊಳ್ಳಿ. ಡಿಸೆಂಬರ್‌ಗೆ ಕಾಫಿ ಕೊಯ್ಲು ಜೋರಾದರೆ ತೋಟದವರು ಯಾರೂ ಕೈಗೆ ಸಿಗಲ್ಲ.