ನಾಲ್ಕು ಸೀಮೆಯ ಶಾರ್ಡನೇ, ಒಂದೇ ಮೇಜಿನ ಮೇಲೆ

"ಶಾರ್ಡನೇನಾ? ಬೆಣ್ಣೆ ವಾಸನೆ, ಮರದ ವಾಸನೆ. ಬೇಡಪ್ಪಾ." ಮೆಲ್ಬೋರ್ನ್‌ನಲ್ಲಿರುವ ನಮ್ಮ ಕನ್ನಡ ಗೆಳೆಯರ ಮನೆಗಳಲ್ಲಿ ಈ ಮಾತು ಇವತ್ತಿಗೂ ಕೇಳಿಬರುತ್ತದೆ. ಶಾರ್ಡನೇ ಅಂದರೆ ಬಿಳಿ ವೈನ್ ಮಾಡುವ ಒಂದು ದ್ರಾಕ್ಷಿ, ಅದರ ವೈನಿಗೂ ಅದೇ ಹೆಸರು. 1980, 90ರ ದಶಕದ ಆಸ್ಟ್ರೇಲಿಯಾದ ಶಾರ್ಡನೇಗೆ ಅದು ಸಲ್ಲುವ ಮಾತೇ. ಬಿಸಿಲಲ್ಲಿ ಅತಿಯಾಗಿ ಮಾಗಿ ಹುಳಿ ಕಳೆದುಕೊಂಡ ದ್ರಾಕ್ಷಿ, ಹೊಸ ಓಕ್ ಪೀಪಾಯಿ, ಬಾಟಲಿಯಲ್ಲೇ ಎದ್ದು ಕಾಣುವ ಗಾಢ ಹಳದಿ. ಈಗ ತಂಪು ಸೀಮೆಗಳಿಂದ ಬರುತ್ತಿರುವ ಶಾರ್ಡನೇ ಕುಡಿದರೆ ಇದು ಅದೇ ದ್ರಾಕ್ಷಿಯಾ ಅಂತ ಕೇಳಬೇಕೆನಿಸುತ್ತದೆ. ಬೆಳೆಯುವ ಜಾಗ ಬದಲಾಗಿದೆ, ಕೊಯ್ಯುವ ದಿನ ಬದಲಾಗಿದೆ, ಆಮೇಲೆ ಹುಳಿಯನ್ನು ಏನು ಮಾಡುತ್ತಾರೆ ಅನ್ನುವುದೂ ಬದಲಾಗಿದೆ. ಈ ಮೂರರಲ್ಲಿ ನನಗೆ ಕೊನೆಯದೇ ಮುಖ್ಯ ಅನ್ನಿಸುತ್ತದೆ.

ಅದನ್ನು ನಾಲಿಗೆಯ ಮೇಲೇ ನೋಡೋಣ ಅಂತ ನಾಲ್ಕು ಸೀಮೆಯ ಬಾಟಲಿ ತಂದೆ. ವಿಕ್ಟೋರಿಯಾ ರಾಜ್ಯದ ಯಾರಾ ವ್ಯಾಲಿಯ ಮೇಲ್ಭಾಗ, ಅದೇ ರಾಜ್ಯದ ಮಾರ್ನಿಂಗ್ಟನ್ ಪೆನಿನ್ಸುಲಾ, ಟಾಸ್ಮೇನಿಯಾದ ಕೋಲ್ ರಿವರ್ ವ್ಯಾಲಿ, ಪಶ್ಚಿಮ ಆಸ್ಟ್ರೇಲಿಯಾದ ಮಾರ್ಗರೆಟ್ ರಿವರ್. ಕೊನೆಯದನ್ನು ತಂಪು ಸೀಮೆ ಅನ್ನಲಾಗುವುದಿಲ್ಲ. ಸಮುದ್ರದ ಗಾಳಿ ಇದ್ದರೂ ಬೆಚ್ಚಗಿನ ಊರು. ಉಳಿದ ಮೂರನ್ನು ಅಳೆದು ನೋಡಲು ಒಂದು ಇರಲಿ ಅಂತ ಸೇರಿಸಿದೆ. ಎಲ್ಲವೂ ಒಂದೇ ವರ್ಷದ ಕೊಯ್ಲು, ಎಲ್ಲಕ್ಕೂ ತಿರುಗಿಸಿ ತೆಗೆಯುವ ಮುಚ್ಚಳ, ಬೆಲೆಯೂ ಹೆಚ್ಚುಕಮ್ಮಿ ಒಂದೇ. ಬಾಟಲಿಗಳಿಗೆ ಪೇಪರ್ ಸುತ್ತಿ, ನಂಬರ್ ಬರೆದು, ಒಂದೇ ಥರದ ಗ್ಲಾಸುಗಳಿಗೆ ಹಾಕಿ ಕುಡಿದೆವು. ನನ್ನ ಹೋಲಿಕೆ ಊರುಗಳ ನಡುವೆ, ಕಂಪನಿಗಳ ನಡುವೆ ಅಲ್ಲ. ಹಾಗಾಗಿ ಬಾಟಲಿಗಳ ಹೆಸರು ಬರೆದಿಲ್ಲ.

ರುಚಿಗೆ ಹೋಗುವ ಮೊದಲು ಹುಳಿಯ ಬಗ್ಗೆ ಸ್ವಲ್ಪ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲ: ಟಾರ್ಟಾರಿಕ್, ಮ್ಯಾಲಿಕ್. ಹಸಿರು ಸೇಬು ಕಚ್ಚಿದಾಗ ಹಲ್ಲು ಜುಮ್ಮೆನ್ನುತ್ತದಲ್ಲ, ಅದು ಮ್ಯಾಲಿಕ್‌ನ ಕೆಲಸ. ಸೆಕೆ ಜಾಸ್ತಿಯಾದರೆ ಹಣ್ಣು ಉಸಿರಾಡುತ್ತಾ ಈ ಮ್ಯಾಲಿಕ್ ಆಮ್ಲವನ್ನು ಖರ್ಚು ಮಾಡಿಬಿಡುತ್ತದೆ. ರಾತ್ರಿ ತಣ್ಣಗಿದ್ದರೆ ಅದು ಉಳಿಯುತ್ತದೆ. ಹಾಗಾಗಿ ಬಿಸಿ ಊರಿನವರಿಗೆ ಹುಳಿ ಸಾಲದು ಅನ್ನುವ ಚಿಂತೆ. ಆಸ್ಟ್ರೇಲಿಯಾದಲ್ಲಿ ಟಾರ್ಟಾರಿಕ್ ಆಮ್ಲವನ್ನು ಹೊರಗಿನಿಂದ ಸೇರಿಸುವುದು ಮಾಮೂಲಿ, ಕಾನೂನೂ ಒಪ್ಪುತ್ತದೆ. ತಂಪು ಊರಿನವರ ಚಿಂತೆ ಇದಕ್ಕೆ ಉಲ್ಟಾ: ಹುಳಿ ಜಾಸ್ತಿಯಾಯಿತಲ್ಲ, ಈಗೇನು ಮಾಡೋಣ?

ಅಲ್ಲಿ ಬರುವುದು ಮ್ಯಾಲೊಲ್ಯಾಕ್ಟಿಕ್ ಹುದುಗು. ವೈನ್ ಮಾಡುವವರು ಸುಮ್ನೆ 'ಮ್ಯಾಲೊ' ಅನ್ನುತ್ತಾರೆ. ಬ್ಯಾಕ್ಟೀರಿಯಾಗಳು ಮ್ಯಾಲಿಕ್ ಆಮ್ಲವನ್ನು ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತವೆ. ಹುಳಿಯ ಮೊನೆ ಮೆತ್ತಗಾಗುತ್ತದೆ. ಜೊತೆಗೆ ಡೈಅಸೆಟೈಲ್ ಅನ್ನುವ ಪದಾರ್ಥ ಹುಟ್ಟುತ್ತದೆ. ಎಲ್ಲರೂ ದೂರುವ ಬೆಣ್ಣೆ ವಾಸನೆ ಅದರದ್ದೇ. ಮ್ಯಾಲೊ ಪೂರ್ತಿ ಆಗಲು ಬಿಡಬೇಕಾ, ತಣ್ಣಗಿಟ್ಟು ಸಲ್ಫರ್ ಡೈಆಕ್ಸೈಡ್ ಹಾಕಿ ತಡೆಯಬೇಕಾ, ಕೆಲವು ಪೀಪಾಯಿಗಳಲ್ಲಿ ಮಾತ್ರ ಬಿಡಬೇಕಾ? ತಂಪು ಸೀಮೆಯ ಶಾರ್ಡನೇಯ ಹಣೆಬರಹ ಬರೆಯುವುದು ಈ ತೀರ್ಮಾನ.

ಮೊದಲು ಯಾರಾ ವ್ಯಾಲಿ. ಮೆಲ್ಬೋರ್ನ್‌ನಿಂದ ಕಾರಿನಲ್ಲಿ ಒಂದು ಗಂಟೆ. ವಿಕ್ಟೋರಿಯಾ ರಾಜ್ಯದ ವೈನ್ ಶುರುವಾದದ್ದೇ ಅಲ್ಲಿ. 1838ರಲ್ಲಿ ರೈರಿ ಸೋದರರು ಯೆರಿಂಗ್ ಅನ್ನುವ ಜಾಗದಲ್ಲಿ ಬಳ್ಳಿ ನೆಟ್ಟರು. 20ನೇ ಶತಮಾನದ ಮೊದಲ ದಶಕಗಳಲ್ಲಿ ಆ ತೋಟಗಳೆಲ್ಲ ಮುಚ್ಚಿ ಅಲ್ಲಿ ಹಸುಗಳು ಮೇಯತೊಡಗಿದವು. ಮತ್ತೆ ಬಳ್ಳಿ ಬಂದದ್ದು 1960ರ ದಶಕದ ಕೊನೆಗೆ. ಕಣಿವೆಯ ತಳದಲ್ಲಿ ಬೂದು ಮಣ್ಣು, ಸ್ವಲ್ಪ ಬಿಸಿ. ಹಾಡಲ್ಸ್ ಕ್ರೀಕ್, ಗ್ಲ್ಯಾಡಿಸ್‌ಡೇಲ್ ಕಡೆ ಹತ್ತಿದರೆ ಜ್ವಾಲಾಮುಖಿಯ ಕೆಂಪು ಮಣ್ಣು, ಎತ್ತರ, ತಂಪು, ತಡವಾದ ಕೊಯ್ಲು. ನನ್ನ ಬಾಟಲಿ ಈ ಮೇಲಿನ ಭಾಗದ್ದು.

ಗ್ಲಾಸ್ ಮೂಗಿನ ಹತ್ತಿರ ತಂದ ಕೂಡಲೇ ಬೆಂಕಿಕಡ್ಡಿ ಗೀರಿದ ವಾಸನೆ. ಮೊದಲ ಸಲ ಕುಡಿಯುವವರು ವೈನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿರುವುದಿಲ್ಲ. ಗೊಂಚಲನ್ನು ಬಿಡಿಸದೆ ಇಡಿಯಾಗಿ ಹಿಂಡಿ, ರಸ ತಿಳಿಯಾಗಲು ಕಾಯದೆ ಕದಡಿದ ಹಾಗೇ ಪೀಪಾಯಿಗೆ ಹಾಕಿ, ತೋಟದಿಂದಲೇ ಬಂದ ಕಾಡು ಯೀಸ್ಟ್‌ಗೆ ಹುದುಗಲು ಬಿಡುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಯೀಸ್ಟ್‌ನ ಮಡ್ಡಿಯ ಮೇಲೇ ವೈನ್ ಕೂತಿರುತ್ತದೆ. ಹೀಗೆ ಮಾಡಿದಾಗ ಗಂಧಕ ಸೇರಿದ ಕೆಲವು ಸಣ್ಣ ಪದಾರ್ಥಗಳು ಹುಟ್ಟುತ್ತವೆ, ಈ ವಾಸನೆ ಅವುಗಳದ್ದು. ಹದವಾಗಿದ್ದರೆ ಬಾಯಲ್ಲಿ ನೀರೂರುತ್ತದೆ. ಅತಿಯಾದರೆ ಯಾವ ಊರಿನ ವೈನ್ ಆದರೂ ಒಂದೇ ಥರ ಕಾಣುತ್ತದೆ, ಆಗ ಊರನ್ನು ಹುಡುಕಿಕೊಂಡು ಹೋದದ್ದಕ್ಕೆ ಅರ್ಥವೇ ಇರುವುದಿಲ್ಲ.

ಈ ಬಾಟಲಿಯಲ್ಲಿ ಸ್ವಲ್ಪ ಹೊತ್ತಿಗೆ ಆ ವಾಸನೆ ಹಿಂದೆ ಸರಿಯಿತು. ಆಮೇಲೆ ಬಂದದ್ದು ದೇವನಹಳ್ಳಿ ಚಕ್ಕೋತ ಸುಲಿಯುವಾಗ ಬೆರಳಿಗೆ ಹತ್ತುವ ಸಿಪ್ಪೆಯ ಘಮ, ಕೊನೆಯಲ್ಲಿ ಅದೇ ಚೂರು ಕಹಿ. ಒಳಗೆ ಬಿಳಿ ಪೀಚ್. ಮ್ಯಾಲೊವನ್ನು ಬಹುಪಾಲು ತಡೆದಿದ್ದಾರೆ ಅಂತ ಬಾಟಲಿಯ ಹಿಂಬದಿಯ ಚೀಟಿ ಹೇಳುತ್ತಿತ್ತು. ಹುಳಿ ನೆಟ್ಟಗಿತ್ತು, ಆದರೆ ಚುಚ್ಚಲಿಲ್ಲ. ಓಕ್ ಎಲ್ಲಿದೆ ಅಂತ ಹುಡುಕಬೇಕಾಯಿತು. 225 ಲೀಟರ್‌ನ ಸಣ್ಣ ಪೀಪಾಯಿ ಬಿಟ್ಟು 500 ಲೀಟರ್‌ನ ದೊಡ್ಡ ಹಳೆಯ ಪೀಪಾಯಿ ಬಳಸಿದರೆ ಹೀಗಾಗುತ್ತದೆ. ವೈನ್‌ನ ಲೆಕ್ಕಕ್ಕೆ ಮರ ತಾಗುವುದು ಕಮ್ಮಿ. ನಾಲ್ಕರಲ್ಲಿ ನನ್ನ ಮೊದಲ ಆಯ್ಕೆ ಇದು, ಎರಡು ಮಾತಿಲ್ಲ.

ಮಾರ್ನಿಂಗ್ಟನ್‌ಗೆ ಮೂರು ಕಡೆ ನೀರು: ಪೋರ್ಟ್ ಫಿಲಿಪ್ ಕೊಲ್ಲಿ, ವೆಸ್ಟರ್ನ್ ಪೋರ್ಟ್, ಬ್ಯಾಸ್ ಜಲಸಂಧಿ. ರೆಡ್ ಹಿಲ್, ಮೇನ್ ರಿಡ್ಜ್ ಕಡೆಯ ಎತ್ತರದ ತೋಟಗಳಲ್ಲಿ ಮ್ಯಾಲಿಕ್ ಆಮ್ಲ ಎಷ್ಟು ಉಳಿಯುತ್ತದೆ ಅಂದರೆ, ಅನೇಕರು ಮ್ಯಾಲೊವನ್ನು ಪೂರ್ತಿ ಆಗಲು ಬಿಡುತ್ತಾರೆ. ಹಾಗಾದರೆ ಬೆಣ್ಣೆ ವಾಸನೆ ಇರಲೇಬೇಕು ಅಲ್ವಾ? ನನ್ನ ಗ್ಲಾಸಿನಲ್ಲಿ ಇರಲಿಲ್ಲ. ವೈನ್ ಬಹಳ ದಿನ ಮಡ್ಡಿಯ ಮೇಲೆ ಕೂತರೆ, ಅದೇ ಯೀಸ್ಟ್ ಡೈಅಸೆಟೈಲನ್ನು ವಾಸನೆ ಇಲ್ಲದ ಪದಾರ್ಥವಾಗಿ ಬದಲಿಸುತ್ತದೆ. ಘಮ ಹೋಗಿ ನುಣುಪು ಮಾತ್ರ ಉಳಿಯುತ್ತದೆ. ಪೇರ್ ಹಣ್ಣು, ಹುರಿದ ಗೋಡಂಬಿ, ನಾಲಿಗೆಯ ಮೇಲೆ ಕೆನೆಯ ನುಣುಪು. "ಶಾರ್ಡನೇ ಬೇಡ" ಅನ್ನುವವರಿಗೆ ನಾನು ಮೊದಲು ಕೊಡುವುದು ಇದನ್ನೇ. ತೆರೆದ ರಾತ್ರಿಯೇ ಎಲ್ಲ ಕೊಟ್ಟುಬಿಡುತ್ತದೆ. ಮರುದಿನಕ್ಕೆ ಯಾರಾ ವ್ಯಾಲಿಯದ್ದು ಹಾಗೇ ನಿಂತಿತ್ತು, ಇದು ಸಡಿಲವಾಗಿತ್ತು.

ಟಾಸ್ಮೇನಿಯಾದ್ದು ಜಗ್ಗಲೇ ಇಲ್ಲ. ಕೋಲ್ ರಿವರ್ ವ್ಯಾಲಿ ಅಲ್ಲಿನ ರಾಜಧಾನಿ ಹೋಬಾರ್ಟ್‌ನ ಪಕ್ಕದ್ದು. ಬೆಟ್ಟಗಳು ಮಳೆ ತಡೆಯುವುದರಿಂದ ಒಣ ಜಾಗ, ಬಳ್ಳಿಗೆ ನೀರು ಹಾಯಿಸಬೇಕು. ಮಾರ್ಗರೆಟ್ ರಿವರ್‌ನಲ್ಲಿ ಫೆಬ್ರವರಿಗೆಲ್ಲ ಶಾರ್ಡನೇ ಕೊಯ್ಲು ಶುರುವಾದರೆ ಇಲ್ಲಿ ಏಪ್ರಿಲ್‌ವರೆಗೂ ಹೋಗುತ್ತದೆ. ಅಷ್ಟು ದಿನ ಬಳ್ಳಿಯ ಮೇಲಿದ್ದೂ ಹುಳಿ ಇಳಿಯುವುದಿಲ್ಲ. ಇಲ್ಲಿನ ಟೋಲ್‌ಪಡಲ್ ತೋಟ 1988ರಲ್ಲಿ ನೆಟ್ಟದ್ದು. 2011ರಲ್ಲಿ ಶಾ ಆ್ಯಂಡ್ ಸ್ಮಿತ್ ವೈನ್ ಕಂಪನಿಯ ಮೈಕಲ್ ಹಿಲ್ ಸ್ಮಿತ್, ಮಾರ್ಟಿನ್ ಶಾ ಕೊಂಡ ಮೇಲೆ ಅದರ ಹೆಸರಲ್ಲೇ ಬರುವ ಶಾರ್ಡನೇ ಈ ಕಣಿವೆಯನ್ನು ಎಲ್ಲರ ಬಾಯಲ್ಲಿ ತಂದಿತು. ಪೆನ್‌ಫೋಲ್ಡ್ಸ್ ಕಂಪನಿಯವರೂ ತಮ್ಮ ದುಬಾರಿ ಶಾರ್ಡನೇ ಯಾಟರ್ನಾಗೆ ಟಾಸ್ಮೇನಿಯಾದ ದ್ರಾಕ್ಷಿ ತರಿಸುತ್ತಾರೆ. ನನ್ನ ಬಾಟಲಿ ಮೊದಲ ರಾತ್ರಿ ಬರೀ ನಿಂಬೆ, ಉಪ್ಪು, ಬಿಗಿ. ಫ್ರಿಜ್‌ನಲ್ಲಿಟ್ಟು ಮೂರನೇ ದಿನ ಕುಡಿದಾಗ ಹಣ್ಣು ಮುಖ ತೋರಿಸಿತು. ಕೊಂಡರೆ ಐದು ವರ್ಷ ಮುಟ್ಟಬೇಡಿ. ಅಷ್ಟು ಕಾಯುವ ಮನಸ್ಸಿಲ್ಲದಿದ್ದರೆ ಆ ದುಡ್ಡು ಯಾರಾ ಮೇಲೆ ಹಾಕಿ.

ಮಾರ್ಗರೆಟ್ ರಿವರ್‌ನ ಗುಟ್ಟು ಜಿಂಜಿನ್ ಅನ್ನುವ ಶಾರ್ಡನೇ ತಳಿ. ಇದರ ಗೊಂಚಲಲ್ಲಿ ದೊಡ್ಡ ಕಾಯಿಗಳ ನಡುವೆ ಪುಟ್ಟ ಪುಟ್ಟ ಕಾಯಿಗಳು ಸಿಕ್ಕಿಕೊಂಡಿರುತ್ತವೆ. ಇಳುವರಿ ಕಮ್ಮಿ, ರಸ ಗಟ್ಟಿ, ಹುಳಿಯೂ ಚೆನ್ನಾಗಿ ನಿಲ್ಲುತ್ತದೆ. ಆ ಹುಳಿ ಉಳಿಸಿಕೊಳ್ಳಲೆಂದೇ ಅಲ್ಲಿ ಅನೇಕರು ಮ್ಯಾಲೊ ತಡೆಯುತ್ತಾರೆ. ನೆಕ್ಟರಿನ್, ಅನಾನಸ್, ಸ್ಪಷ್ಟವಾದ ಓಕ್. ಪೇಪರ್ ಸುತ್ತಿದ್ದಾಗ ನಮ್ಮ ಮೇಜಿನಲ್ಲಿ ಹೆಚ್ಚು ಜನ ಕೈ ಎತ್ತಿದ್ದು ಇದಕ್ಕೇ. ಆ ತುಂಬು ರುಚಿಯನ್ನು ನಾನೂ ಒಪ್ಪುತ್ತೇನೆ. ಎರಡನೇ ಗ್ಲಾಸ್‌ಗೆ ಮಾತ್ರ ಕೈ ಹೋಗುವುದಿಲ್ಲ.

ನಂದಿ ಬೆಟ್ಟದ ತಪ್ಪಲಲ್ಲೂ ದ್ರಾಕ್ಷಿ ಬೆಳೆದು ವೈನ್ ಮಾಡುತ್ತೇವಲ್ಲ, ಅಲ್ಲಿ ಇಂಥ ಶಾರ್ಡನೇ ಯಾಕಾಗದು ಅಂತ ಊರಿನವರು ಕೇಳುತ್ತಾರೆ. ಅಲ್ಲಿ ಎತ್ತರ ಇದೆ, ಚಳಿಗಾಲದ ನಿದ್ದೆ ಇಲ್ಲ. ಯಾರಾದಲ್ಲಿ ಬಳ್ಳಿ ಎಲೆ ಉದುರಿಸಿ ಚಳಿಗಾಲವಿಡೀ ಮಲಗುತ್ತದೆ. ನಮ್ಮಲ್ಲಿ ಮಲಗುವುದೇ ಇಲ್ಲ, ಅದಕ್ಕೇ ವರ್ಷಕ್ಕೆ ಎರಡು ಸಲ ಸವರಿ ಒಂದು ಬೆಳೆ ತೆಗೆಯುತ್ತಾರೆ. ಹಣ್ಣಾಗುವ ಹೊತ್ತಿಗೆ ಬಿಸಿಲು ಏರುತ್ತಿರುತ್ತದೆ. ಯಾರಾದಲ್ಲಿ ಹಣ್ಣಾಗುವ ಹೊತ್ತಿಗೆ ಬಿಸಿಲು ಇಳಿಯುತ್ತಿರುತ್ತದೆ.

ಊಟದ ಜೊತೆ ಲೆಕ್ಕ ಮತ್ತೆ ಬದಲಾಯಿತು. ರವಾ ಫ್ರೈ ಮಾಡಿದ ಬಾರಮುಂಡಿ ಮೀನಿಗೆ ಟಾಸ್ಮೇನಿಯಾದ ಬಿಗಿ ಹುಳಿಯೇ ಗೆದ್ದಿತು, ನಿಂಬೆ ಹಿಂಡುವುದೇ ಬೇಡವಾಯಿತು. ನೀರುದೋಸೆ, ಕಾಯಿಹಾಲು ಹಾಕಿದ ಕೋಳಿ ಸಾರಿಗೆ ಮಾರ್ನಿಂಗ್ಟನ್. ಬ್ಯಾಡಗಿ ಮೆಣಸಿನಕಾಯಿ ಖಾರ ಏರಿದ ಕೂಡಲೇ ಮಾರ್ಗರೆಟ್ ರಿವರ್‌ನ ಓಕ್ ಕಹಿಯಾಯಿತು, ಆಲ್ಕೋಹಾಲ್ ಉರಿಯತೊಡಗಿತು. ಯಾರಾ ಎಲ್ಲದರ ಜೊತೆಗೂ ಹೋಯಿತು. ಯಾವುದನ್ನು ತೆರೆದರೂ ಫ್ರಿಜ್‌ನಿಂದ ತೆಗೆದು ಹದಿನೈದು, ಇಪ್ಪತ್ತು ನಿಮಿಷ ಹೊರಗಿಡಿ. ಸುಮಾರು 12 ಡಿಗ್ರಿಗೆ ಬಂದಾಗ ಹಾಕಿ. ಅದಕ್ಕಿಂತ ತಣ್ಣಗಿದ್ದರೆ ನಾಲ್ಕೂ ಒಂದೇ ರುಚಿ ಅನ್ನಿಸುತ್ತವೆ.